ಬರಗಾಲದಲ್ಲಿ ಅರ್ಧ ಕೊಳ ಚೆಲ್ಲುವ ಬಗೆ

ಮನುಷ್ಯ ಅಂದಮೇಲೆ ಏನಾದರೊಂದನ್ನು ಮುಚ್ಚಿಡುತ್ತಾನೆ. ಕೆಲವರು ವಯಸ್ಸು ಮುಚ್ಚಿಡುತ್ತಾರೆ, ಕೆಲವರು ಬೋಳುತಲೆ, ಇನ್ನು ಕೆಲವರು ಮಗನ ಪರೀಕ್ಷೆಯ ಫಲಿತಾಂಶ. ಇವೆಲ್ಲ ಸಣ್ಣ ಬಾಬತ್ತುಗಳು. ಒಂದು ಟೋಪಿಯಲ್ಲೋ ಒಂದು ಸುಳ್ಳಿನಲ್ಲೋ ಅಡಗಿಬಿಡುತ್ತವೆ. ನಾನು ಮುಚ್ಚಿಡಬೇಕಾಗಿ ಬಂದದ್ದು ಒಂದು ಈಜುಕೊಳವನ್ನು. ಅದೂ ಬೀದರಿನ ಮೈಲೂರಿನಲ್ಲಿ. ಅದೂ ನಮ್ಮ ಓಣಿಯ ಹೆಂಗಸರು ಮೂಲೆಯಲ್ಲಿ ಕೊಡಗಳ ಸಾಲು ಹಚ್ಚಿ, ಟ್ಯಾಂಕರ್ ದಾರಿ ಕಾಯುತ್ತ, ಅಲ್ಲೇ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದ ಬರಗಾಲದ ದಿನಗಳಲ್ಲಿ. ಕೊಳವನ್ನು ಜೇಬಿನಲ್ಲಿ ಹಾಕಿಕೊಂಡು ಓಡಾಡಲು ಬರುವುದಿಲ್ಲ. ಹಿತ್ತಲಿನ ಗೋಡೆ ಎತ್ತರಿಸಬಹುದು, ಮೇಲೆ ತಾಡಪತ್ರಿ ಕಟ್ಟಬಹುದು, ಯಾರಾದರೂ ಕೇಳಿದರೆ ಕೆಮ್ಮಬಹುದು. ಈ ಮೂರನ್ನೂ ನಾನು ಮಾಡಿದ್ದೇನೆ.

ಈಜುಕೊಳ ಎಂದ ತಕ್ಷಣ ನನ್ನನ್ನು ಸಾಹುಕಾರ ಎಂದು ತಿಳಿಯಬೇಡಿ. ಭಾಲ್ಕಿಯಲ್ಲಿ ಅರ್ಧ, ಔರಾದದಲ್ಲಿ ಅರ್ಧ ನೌಕರಿ ಮಾಡಿ, ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದವನು ನಾನು. ಔರಾದದಲ್ಲಿದ್ದಾಗ ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ಆ ನೀರು ಕರಿಬೇವಿನ ಗಿಡದ ಬುಡಕ್ಕೆ ಹೋಗುವಂತೆ ಕಲ್ಲಿನ ಮೇಲೆ ಓರೆಯಾಗಿ ನಿಂತು ಮೀಯುತ್ತಿದ್ದೆ. ಈಗಲೂ ಸ್ನಾನಕ್ಕೆ ನಿಂತರೆ ನನ್ನ ಮೈ ತಾನಾಗಿಯೇ ಗಿಡದ ಕಡೆ ವಾಲುತ್ತದೆ. ಇಂಥವನ ಮನೆಗೆ ಕೊಳ ಬಂದದ್ದು ನನ್ನ ಹೆಂಡತಿ ಶರಣಮ್ಮನ ಮೊಣಕಾಲಿನಿಂದ. ಮೆಟ್ಟಿಲು ಹತ್ತುವಾಗ ಆಕೆ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಹೈದರಾಬಾದಿನ ಡಾಕ್ಟರು ಎಕ್ಸ್‌ರೇ ಫಿಲ್ಮು ಎತ್ತಿ ಹಿಡಿದು ನೋಡಿ, ದಿನಾ ಅರ್ಧ ತಾಸು ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ನೀರು ಮೈಭಾರ ಹೊರುತ್ತದೆ, ಕೀಲಿಗೆ ಆರಾಮ ಸಿಗುತ್ತದೆ ಎಂದರು. ಊರಿನ ಈಜುಕೊಳಕ್ಕೆ ಹೋಗೋಣ ಎಂದೆ. "ಊರ ಗಂಡಸರ ಮುಂದ ನಾ ಸೀರಿ ತೊಯ್ಸಿಕೊಂಡು ನಿಂದ್ರಬೇಕೇನ್ರಿ? ಅದಕ್ಕಿಂತ ಈ ನೋವೇ ಪಾಡ ಅದ" ಎಂದಳು. ಅಲ್ಲಿಗೆ ಮಾತು ಮುಗಿಯಿತು. ಮಳೆ ಚೆನ್ನಾಗಿದ್ದ ಒಂದು ವರ್ಷ, ಬೋರಿನಲ್ಲಿ ನೀರು ಉಕ್ಕುತ್ತಿದ್ದಾಗ, ಹಿತ್ತಲಿನಲ್ಲಿ ಒಂದು ಕೋಣೆಯಷ್ಟು ಜಾಗ ಅಗೆಸಿ, ಟೈಲ್ಸ್ ಹಾಕಿಸಿ, ಹಿಡಿದುಕೊಳ್ಳಲು ಸ್ಟೀಲಿನ ಸರಳು ಇಡಿಸಿ, ಒಂದು ಸಣ್ಣ ಫಿಲ್ಟರ್ ಯಂತ್ರವನ್ನೂ ಕೂರಿಸಿದೆ. ನಮ್ಮ ಕಡೆ ನೀರು ನಿಲ್ಲಿಸುವ ತೊಟ್ಟಿಗೆ ಹೌದ ಎನ್ನುತ್ತಾರೆ. ಕೇಳಿದವರಿಗೆಲ್ಲ ಹೌದ ಕಟ್ಟಿಸಿದೆ ಎಂದೇ ಹೇಳಿದೆ.

ಶರಣಮ್ಮ ಆ ನೀರಿಗಿಳಿದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಹಳೆಯ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಸರಳು ಹಿಡಿದು ಒಂದು ಸುತ್ತು ಬಂದಳು. ಎರಡನೆಯ ಸುತ್ತಿಗೆ ಸರಳು ಬಿಟ್ಟಳು. ಮೂರನೆಯ ಸುತ್ತಿಗೆ ಸಾಯಗಾಂವದ ತನ್ನ ತವರಿನವರಲ್ಲಿ ಯಾರು ಯಾರ ಮದುವೆಯಲ್ಲಿ ಮುನಿಸಿಕೊಂಡಿದ್ದರು ಎಂಬುದನ್ನು ಹೇಳತೊಡಗಿದಳು. ನೆಲದ ಮೇಲೆ ನಾಲ್ಕು ಹೆಜ್ಜೆಗೆ ನಿಟ್ಟುಸಿರು ಬಿಡುತ್ತಿದ್ದ ಹೆಂಗಸು ನೀರಿನಲ್ಲಿ ಹಾಗೆ ಸರಾಗವಾಗಿ ತಿರುಗುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ದಿನಾ ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕೇಳುತ್ತಿದ್ದೆ. ನಮ್ಮ ದಾಂಪತ್ಯದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೇಳಿದ್ದು ಅದೇ ಮೊದಲು.

ಆದರೆ ನಿಂತ ನೀರು ಸುಮ್ಮನಿರುವುದಿಲ್ಲ, ಪಾಚಿ ಕಟ್ಟುತ್ತದೆ. ಅದಕ್ಕೆ ಕ್ಲೋರಿನ್ ಹಾಕಬೇಕು. ಮೊದಲು ಬ್ಲೀಚಿಂಗ್ ಪೌಡರ್ ಸುರಿದು ನೋಡಿದೆ. ನೀರು ತಿಳಿಯಾಯಿತು, ಜೊತೆಗೆ ಇಳಕಲ್ ಸೀರೆಯ ದಡಿಯೂ ತಿಳಿಯಾಯಿತು. ಕೆಂಪು ದಡಿ ಇದ್ದಲ್ಲಿ ಒಗೆದ ಧೋತರದ ಬಣ್ಣ ನೋಡಿ ಶರಣಮ್ಮ ಎರಡು ದಿನ ಮಾತು ಬಿಟ್ಟಳು. ಅಂದಿನಿಂದ ಹೈದರಾಬಾದಿನ ಅಂಗಡಿಯಿಂದ ಬರುವ ಕ್ಲೋರಿನ್ ಗುಳಿಗೆಗಳೇ ನಮ್ಮ ಮನೆಯ ಪದ್ಧತಿ. ಅಂಗಡಿಯವನು ಇನ್ನೊಂದು ಡಬ್ಬಿಯನ್ನೂ ಕೊಟ್ಟ: ಸ್ಟೆಬಿಲೈಜರ್. ಬಿಸಿಲು ಕ್ಲೋರಿನ್ನನ್ನು ತಿಂದುಹಾಕುತ್ತದಂತೆ. ಬೀದರಿನ ಬಿಸಿಲಿಗೆ ಮನುಷ್ಯನೇ ನಿಲ್ಲುವುದಿಲ್ಲ, ಕ್ಲೋರಿನ್ ಎಲ್ಲಿ ನಿಂತೀತು? ಸ್ಟೆಬಿಲೈಜರ್ ಎಂದರೆ ಆ ಕ್ಲೋರಿನ್ನಿಗೆ ಹಿಡಿಯುವ ಛತ್ರಿ ಎಂದು ಅವನು ವಿವರಿಸಿದ. ನನಗೆ ತಕ್ಷಣ ಅರ್ಥವಾಯಿತು. ಅರ್ಥವಾದದ್ದೇ ತೊಂದರೆ. ಛತ್ರಿ ಒಳ್ಳೆಯದಾದರೆ ದೊಡ್ಡ ಛತ್ರಿ ಇನ್ನೂ ಒಳ್ಳೆಯದಲ್ಲವೇ ಎಂದುಕೊಂಡು ಬೇಸಿಗೆ ಏರಿದಂತೆಲ್ಲ ಒಂದೊಂದು ಲೋಟ ಜಾಸ್ತಿ ಸುರಿದೆ. ದಿನಾ ಹಾಕುವ ಗುಳಿಗೆಯೊಳಗೂ ಸ್ಟೆಬಿಲೈಜರ್ ಮೊದಲೇ ಸೇರಿರುತ್ತದೆ ಎಂಬುದು ಡಬ್ಬಿಯ ಬೆನ್ನಿನ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿತ್ತು. ಇಡೀ ಸರ್ವಿಸಿನಲ್ಲಿ ಸಣ್ಣ ಅಕ್ಷರ ಓದಿ ಓದಿ ದಣಿದವನು, ನಿವೃತ್ತನಾದಮೇಲೆ ಓದುವುದಿಲ್ಲ ಎಂದು ನಿರ್ಧರಿಸಿದ್ದೆ.

ನೀರಿನ ಪರೀಕ್ಷೆಯನ್ನೂ ನಾನೇ ಮಾಡುತ್ತಿದ್ದೆ. ಒಂದು ಪುಟ್ಟ ಶೀಶೆಯಲ್ಲಿ ಕೊಳದ ನೀರು ತುಂಬಿ, ಔಷಧದ ಹನಿ ಬಿಟ್ಟರೆ ಕ್ಲೋರಿನ್ ಎಷ್ಟಿದೆಯೋ ಅಷ್ಟು ಹಳದಿಯಾಗುತ್ತದೆ. ಬೆಳಗಿನ ಹೊತ್ತು ನೆರಳಿರುವ ಹಿತ್ತಲಿನಲ್ಲಿ ಬಣ್ಣ ತಿಳಿಯುವುದಿಲ್ಲವೆಂದು ಮುಂಬಾಗಿಲಿಗೆ ಬಂದು ಸೂರ್ಯನಿಗೆ ಹಿಡಿದು ನೋಡುತ್ತಿದ್ದೆ. ಪಕ್ಕದ ಮನೆಯ ವೈಜಿನಾಥ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಇದನ್ನು ಗಮನಿಸಿದ್ದಾನೆ. ಒಂದು ದಿನ ಬಹಳ ಕಕ್ಕುಲಾತಿಯಿಂದ ಹತ್ತಿರ ಬಂದು, "ಸರ್, ಸಕ್ರಿ ಎಷ್ಟ ಬಂತ್ರಿ?" ಎಂದು ಕೇಳಿದ. ಶೀಶೆಯಲ್ಲಿದ್ದದ್ದನ್ನು ಅವನು ಏನೆಂದು ತಿಳಿದಿದ್ದಾನೆ ಎಂಬುದು ಹೊಳೆದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಿಜ ಹೇಳಿದರೆ ಕೊಳ ಹೊರಬೀಳುತ್ತದೆ. "ಸ್ವಲ್ಪ ಇಳದದ ನೋಡಪ್ಪ" ಎಂದೆ. ಅಂದಿನಿಂದ ವೈಜಿನಾಥನ ಮನೆಯಿಂದ ಹಬ್ಬಕ್ಕೆ ಹೋಳಿಗೆ ಬರುವುದು ನಿಂತು, ಮೆಂತ್ಯದ ಕಾಳು ಬರತೊಡಗಿತು.

ಮುಂದೆ ಎರಡು ವರ್ಷ ಮಳೆ ಕೈಕೊಟ್ಟಿತು. ಔರಾದ ಕಡೆಯಿಂದ ಹೈದರಾಬಾದಿಗೆ ಹೋಗುವ ಬಸ್ಸುಗಳ ಮೇಲೆ ಗಂಟು ಮೂಟೆ, ಒಲೆಯ ತಗಡು, ಮಡಚಿದ ಮಂಚ ಕಾಣತೊಡಗಿದವು. ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಓಣಿಗೆ ಓಣಿಯೇ ಬೀಗ. ಜನವಾಡದಿಂದ ಬೈಕಿನ ಮೇಲೆ ಹಾಲು ತರುವವನು ಮಾತ್ರ ಆ ವರ್ಷ ಗಟ್ಟಿ ಹಾಲು ಕೊಟ್ಟ. ಕಾರಣ ಕೇಳಿದ್ದಕ್ಕೆ, "ಹಾಕ್ಲಾಕ ನೀರೆಲ್ಲಿ ಅವರಿ ಸಾಹೇಬ್ರ" ಎಂದ. ನಮ್ಮ ಬೋರು ಮೊದಲು ಕೆಮ್ಮಿತು, ಆಮೇಲೆ ಗಾಳಿ ಬಿಟ್ಟಿತು, ಆಮೇಲೆ ಸುಮ್ಮನಾಯಿತು. ಕುಡಿಯುವ ನೀರಿಗೆ ನಾವೂ ಟ್ಯಾಂಕರ್ ಸಾಲಿನಲ್ಲಿ ಕೊಡ ಇಟ್ಟೆವು. ಹಿಂದೆ ಹಿತ್ತಲಿನಲ್ಲಿ ಎದೆಮಟ್ಟ ನೀರು, ಮುಂದೆ ಓಣಿಯಲ್ಲಿ ನಮ್ಮದೂ ಒಂದು ಖಾಲಿ ಕೊಡ. ಆ ಸಾಲಿನಲ್ಲಿ ನಿಂತಾಗ ನನಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು. ಶರಣಮ್ಮನ ಮೊಣಕಾಲು ನೆನೆದು ನಾಚಿಕೆಯನ್ನು ನುಂಗಿಕೊಳ್ಳುತ್ತಿದ್ದೆ.

ಆಗ ನೀರು ಹಸಿರಾಯಿತು. ಶೀಶೆಯಲ್ಲಿ ಹಳದಿ ಢಾಳಾಗಿ ಬರುತ್ತಿದೆ, ಅಂದರೆ ಕ್ಲೋರಿನ್ ಬೇಕಾದಷ್ಟಿದೆ. ಕೊಳ ಮಾತ್ರ ಪುಂಡಿಸೊಪ್ಪು ಕುದಿಸಿದಂತೆ ಆಗಿದೆ. ಇನ್ನೆರಡು ಗುಳಿಗೆ ಹಾಕಿದೆ, ಇನ್ನೂ ಹಸಿರಾಯಿತು. ಶರಣಮ್ಮ ಇಣುಕಿ ನೋಡಿ, "ಇದರಾಗ ನಾ ಇಳಿಯಾಂಗಿಲ್ರಿ, ಎಮ್ಮಿ ತಂದು ಇಳಿಸ್ರಿ" ಎಂದು ಒಳಗೆ ಹೋದಳು. ಒಂದು ವಾರದಲ್ಲಿ ಮೆಟ್ಟಿಲಿನ ಹತ್ತಿರ ನಿಟ್ಟುಸಿರು ಮತ್ತೆ ಕೇಳತೊಡಗಿತು. ಅಡುಗೆಮನೆಗೆ ಸ್ಟೂಲು ಬಂತು. ಹೈದರಾಬಾದಿಗೆ ಫೋನು ಹಚ್ಚಿದೆ. ಅಂಗಡಿಯವನು ಸ್ಟೆಬಿಲೈಜರ್ ಪರೀಕ್ಷೆ ಮಾಡಲು ಹೇಳಿದ. ಅದಕ್ಕೆ ಬೇರೆ ಕೊಳವೆ. ತಳದಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಔಷಧ ಬೆರೆಸಿದ ನೀರು ಹಾಲಿನಂತೆ ಮಬ್ಬಾಗುತ್ತದೆ, ಅದನ್ನು ಸುರಿಯುತ್ತ ಹೋದಂತೆ ಚುಕ್ಕೆ ಎಲ್ಲಿ ಮರೆಯಾಗುತ್ತದೋ ಅದೇ ಲೆಕ್ಕ. ನಾನು ಸುರಿಯತೊಡಗುವುದರೊಳಗೇ ಚುಕ್ಕೆ ಮಾಯ. ಕನ್ನಡಕ ಬದಲಿಸಿ ನೋಡಿದೆ, ಆಗಲೂ ಮಾಯ. ಫೋನಿನಲ್ಲಿ ಅವನು ನಿರುಮ್ಮಳವಾಗಿ ಹೇಳಿದ: "ಸಾಬ್, ಸ್ಟೆಬಿಲೈಜರ್ ಬಹುತ್ ಚಡ್ ಗಯಾ. ಆಧಾ ಪಾನಿ ಫೇಂಕ್ ದೇವ್, ನಯಾ ಭರೋ."

ಸ್ಟೆಬಿಲೈಜರ್ ವಿಪರೀತ ಏರಿದೆ, ಅರ್ಧ ನೀರು ಚೆಲ್ಲಿ ಹೊಸದು ತುಂಬಿ! ಬೇರೆ ದಾರಿಯೇ ಇಲ್ಲವಂತೆ. ನೀರು ಆವಿಯಾಗುತ್ತದೆ, ಸ್ಟೆಬಿಲೈಜರ್ ಆಗುವುದಿಲ್ಲ. ಕೊಳ ಇಳಿದಷ್ಟೂ ಅದು ಗಟ್ಟಿಯಾಗುತ್ತ ಕೂರುತ್ತದೆ. ಅದು ಹೆಚ್ಚಾದರೆ ಕ್ಲೋರಿನ್ ನೀರಿನಲ್ಲಿ ಇರುತ್ತದೆ, ಕೆಲಸ ಮಾಡುವುದಿಲ್ಲ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ನೌಕರಿಗೆ ಸೇರಿದಾಗ ಹಂಗಾಮಿಯಾಗಿದ್ದೆ. ಬೆಳಗಾಗುವುದರೊಳಗೆ ಆಫೀಸಿಗೆ ಹೋಗಿ ಕಸ ಹೊಡೆಯುವವನಿಗಿಂತ ಮೊದಲು ಬಾಗಿಲು ತೆಗೆಸುತ್ತಿದ್ದೆ. ಕಾಯಂ ಆದ ಆದೇಶ ಕೈಗೆ ಬಂದ ಮರುದಿನದಿಂದ ಹಾಜರಿಯಲ್ಲಿ ಮಾತ್ರ ಇದ್ದೆ. ಸ್ಟೆಬಿಲೈಜರ್ ಅಂದರೆ ಕ್ಲೋರಿನ್ನನ್ನು ಕಾಯಂ ಮಾಡುವ ಆದೇಶ. ಅದನ್ನು ನಾನೇ ಲೋಟಗಟ್ಟಲೆ ಸಹಿ ಹಾಕಿ ಕೊಟ್ಟಿದ್ದೆ.

ಚೆಲ್ಲುವುದಾದರೂ ಎಲ್ಲಿ? ಗಟಾರಿಗೆ ಬಿಟ್ಟರೆ ಅದು ಓಣಿಯುದ್ದಕ್ಕೂ, ಕೊಡಗಳ ಸಾಲಿನ ಪಕ್ಕದಲ್ಲೇ ಹರಿಯಬೇಕು. ಆ ವರ್ಷ ಬೀದಿಯಲ್ಲಿ ಒಂದು ಚೊಂಬು ನೀರು ಹರಿದರೂ ಜನ ಅದರ ಬಾಲ ಹಿಡಿದು ಮೂಲ ಹುಡುಕುತ್ತ ಬರುತ್ತಿದ್ದರು. ಹಿತ್ತಲಿನ ಬೇವಿನ ಮರಕ್ಕೆ ದಿನಾ ಬಕೆಟ್ಟಿನಿಂದ ಹಾಕೋಣವೆಂದು ಶುರು ಮಾಡಿದೆ. ಬರಗಾಲದಲ್ಲಿ ಊರಿನ ಮರಗಳೆಲ್ಲ ಒಣಗಿ ನಿಂತಾಗ ನಮ್ಮದೊಂದೇ ತೊನೆಯುತ್ತ ನಿಂತರೆ ಅದೂ ಸಾಕ್ಷಿ ಹೇಳುತ್ತದೆ ಎಂದು ಹೆದರಿ ಬಿಟ್ಟೆ. ಇನ್ನು ಹೊಸ ನೀರಿಗಾಗಿ ಟ್ಯಾಂಕರ್ ತರಿಸುವುದಂತೂ ಓಣಿಯ ಮುಖಕ್ಕೆ ಹೊಡೆದಂತೆ. ಹೀಗೆ ಚೆಲ್ಲಲಾರದೆ, ತುಂಬಲಾರದೆ ಕೂತಿದ್ದಾಗ ಸಾಯಗಾಂವದಿಂದ ಶರಣಮ್ಮನ ಅಕ್ಕ ಕಾಶಮ್ಮ ಬಂದರು.

ಅವರ ಇಬ್ಬರು ಮಕ್ಕಳು ಆ ವರ್ಷ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದರು. ಅಡುಗೆ ಮಾಡಿ ಹಾಕಲು ಇವರೂ ಹೊರಟಿದ್ದರು. ದಾರಿಯಲ್ಲಿ ತಂಗಿಯ ಮನೆಯಲ್ಲಿ ಎರಡು ದಿನ. ನಾನು ನೌಕರಿಯಲ್ಲಿದ್ದಾಗಿನಿಂದ ಅವರು ನನ್ನನ್ನು ಸಾಹೇಬರೆಂದೇ ಕರೆಯುವುದು, ಅರ್ಧ ಗೌರವ, ಅರ್ಧ ಚೇಷ್ಟೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ತಾಡಪತ್ರಿ ಸರಿಸಿ ನೋಡಿ, ನಿಂತಲ್ಲೇ ನಿಂತರು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಮುಗಿದರು. "ಅಕ್ಕಾ, ಅದು ಕೆಟ್ಟ ನೀರು, ಹಸರಾಗ್ಯಾದ" ಎಂದೆ. "ಏನ್ ಮಾತಾಡ್ತೀರಿ ಸಾಹೇಬ್ರ? ನಮ್ಮೂರ ಕೆರಿ ತುಂಬಿದಾಗ ಹಿಂಗೇ ಹಸರು ಇರ್ತಿತ್ತು. ಎರಡು ವರ್ಷ ಆತು ನಾ ಇಷ್ಟು ನೀರು ಒಂದೇ ಕಡಿ ನೋಡಿ" ಎಂದರು. ಅವರ ಕಣ್ಣು ತುಂಬಿತ್ತು.

ಮರುದಿನ ನಾನು ಮಾರ್ಕೆಟ್ಟಿಗೆ ಹೋಗಿ ಬರುವುದರೊಳಗೆ ಗಂಗಾಪೂಜೆ ಮುಗಿದಿತ್ತು. ಕಾಶಮ್ಮ ದಂಡೆಯ ಮೇಲೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಕಾಯಿ ಒಡೆದು, ಬಟ್ಟಲು ಅರಿಷಿಣ, ಬಟ್ಟಲು ಕುಂಕುಮ ನೀರಿಗೆ ಬಿಟ್ಟಿದ್ದರು. ಮೊಸರನ್ನದ ನೈವೇದ್ಯವೂ ತೇಲುತ್ತಿತ್ತು. ಫಿಲ್ಟರ್ ಯಂತ್ರದ ಬಾಯಿಗೆ ಸಿಕ್ಕಿಕೊಂಡ ಚೆಂಡುಹೂ ಗಿರ್‍ರನೆ ತಿರುಗುತ್ತಿತ್ತು. ನಮ್ಮದು ಶರಣರ ತತ್ವದ ಮನೆತನ. ನೀರಿಗೆ, ಮರಕ್ಕೆ ಕೈ ಮುಗಿಯುತ್ತ ತಿರುಗಬಾರದೆಂದು ನಾನೇ ಜಯಂತಿಗಳಲ್ಲಿ ಮೈಕು ಹಿಡಿದು ಹೇಳಿದ್ದೇನೆ. ಅದನ್ನು ಜ್ಞಾಪಿಸಲು ಬಾಯಿ ತೆರೆದೆ. ಅಷ್ಟರಲ್ಲಿ ನೋಡುತ್ತೇನೆ, ಅರಿಷಿಣ ಕುಂಕುಮಕ್ಕೆಂದು ಕರೆದ ಓಣಿಯ ಹೆಂಗಸರೆಲ್ಲ ಹಿತ್ತಲಿನಲ್ಲಿ ಕೂತಿದ್ದಾರೆ, ವೈಜಿನಾಥನ ಹೆಂಡತಿ ಎಲ್ಲರಿಗಿಂತ ಮುಂದೆ. ನನ್ನ ಗುಟ್ಟು ಆರತಿ ಸಮೇತ ಬಯಲಾಗಿತ್ತು. ಯಾರೂ ಬೈಯಲಿಲ್ಲ, ನೀರನ್ನೇ ನೋಡುತ್ತ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ಹೋದಮೇಲೆ ಶರಣಮ್ಮನಿಗೆ ಮೆಲ್ಲಗೆ ಹೇಳಿದೆ, ಹೇಗೂ ಎಲ್ಲರಿಗೂ ಗೊತ್ತಾಗಿದೆ, ಇನ್ನು ಅರ್ಧ ನೀರು ಹೊರಗೆ ಬಿಟ್ಟುಬಿಡುತ್ತೇನೆ, ಹಾಗಾದರೂ ನಿನ್ನ ಕಾಲಿಗೊಂದು ದಾರಿಯಾಗಲಿ ಎಂದು. ಆಕೆ ನನ್ನನ್ನು ಗುರುತಿಲ್ಲದವನನ್ನು ನೋಡುವಂತೆ ನೋಡಿದಳು. "ಪೂಜಿ ಆದ ನೀರು ಗಟಾರಿಗಿ ಬಿಡ್ತೀರಾ? ನಾ ಇನ್ನ ಅದರಾಗ ಕಾಲೂ ಇಡಾಂಗಿಲ್ಲ, ನೀವು ಒಂದು ಹನಿ ಚೆಲ್ಲಾಂಗೂ ಇಲ್ಲ" ಎಂದಳು. ನೀರು ಕೆಟ್ಟಿತ್ತು, ಈಗ ಪವಿತ್ರವೂ ಆಯಿತು. ಕೆಟ್ಟದ್ದನ್ನಾದರೂ ರಿಪೇರಿ ಮಾಡಬಹುದು. ಅಂದು ಆಕೆ ಮೆಟ್ಟಿಲು ಹತ್ತಲು ಅಕ್ಕನ ಹೆಗಲು ಹಿಡಿದಳು. ನನಗೆ ಬಹಳ ಕಸಿವಿಸಿಯಾಯಿತು. ಕೊನೆಗೆ ಕಾಶಮ್ಮನ ಎದುರೇ ಹೋಗಿ ಕೂತು, ಸ್ಟೆಬಿಲೈಜರ್, ಛತ್ರಿ, ಹಂಗಾಮಿ, ಕಾಯಂ ಎಲ್ಲವನ್ನೂ ಬಿಡಿಸಿ ಹೇಳಿ, ಅರ್ಧ ನೀರು ತೆಗೆಯದಿದ್ದರೆ ನಿಮ್ಮ ತಂಗಿಗೆ ನಡೆಯಲು ಜಾಗವೇ ಇಲ್ಲ ಎಂದೆ. ಅವರು ಅಡಕೆ ಕತ್ತರಿಸುತ್ತ ಎಲ್ಲವನ್ನೂ ಕೇಳಿ, "ಇಷ್ಟೇ ಹೌದಿಲ್ರಿ?" ಎಂದರು.

ಇಷ್ಟಕ್ಕೆ ಅವರ ಊರಿನಲ್ಲಿ ಪದ್ಧತಿಯೇ ಇತ್ತು. ಪೂಜೆಯಾದ ಗಂಗವ್ವನನ್ನು ಮನೆಯಲ್ಲಿ ಕೂಡಿಹಾಕಬಾರದು. ಮಗಳನ್ನು ಕಳಿಸಿದಂತೆ ಕಳಿಸಬೇಕು. ಪೂಜೆಗೆ ಬಂದ ಹೆಂಗಸರಿಗೆ ಉಡಿ ತುಂಬಬೇಕು, ಅಕ್ಕಿ, ಎಲೆ, ಅಡಕೆ, ಅದರ ಜೊತೆಗೆ ಕೊಡ ನೀರು. ಮರುದಿನ ಬೆಳಿಗ್ಗೆಯೇ ನಮ್ಮ ಹಿತ್ತಲಿನಲ್ಲಿ ಉಡಿ ತುಂಬುವುದು ಶುರುವಾಯಿತು. ಕಾಶಮ್ಮ ಬಗ್ಗಿ ಕೊಡ ತುಂಬುವುದು, ಶರಣಮ್ಮ ಸ್ಟೂಲಿನ ಮೇಲೆ ಕೂತು ಕುಂಕುಮ ಹಚ್ಚುವುದು. ನಾನು ಅಡ್ಡಡ್ಡ ಓಡಾಡುತ್ತ, "ಔಷಧದ ನೀರದ, ಯಾರೂ ಕುಡಿಬ್ಯಾಡ್ರಿ" ಎಂದು ಕೂಗುತ್ತಿದ್ದೆ. "ಈ ಹಸರು ನೀರು ಯಾರು ಕುಡಿತಾರ್ರಿ ಸಾಹೇಬ್ರ? ಬಟ್ಟಿ ಒಗಿತಾರ, ನೆಲ ಒರಸ್ತಾರ. ನೀವು ಜರಾ ಸರೀರಿ, ದಾರಿ ಬಿಡ್ರಿ" ಎಂದರು ಕಾಶಮ್ಮ. ಎದುರು ಮನೆಯ ಟೀಚರು ಬೌದ್ಧ ಮನೆತನದವರು. ಅವರೂ ಎರಡು ಕೊಡ ಹಿಡಿದು ಬಂದು, "ನಮ್ಮಲ್ಲಿ ಪೂಜಿ ಇಲ್ರಿ ಅಕ್ಕಾ. ನಾ ನೀರಿಗಿ ಬಂದೇನಿ" ಎಂದರು. "ಗಂಗವ್ವನೂ ಎಲ್ಲಿ ಪೂಜಿಗಿ ಬಂದಾಳ ತಂಗಿ, ತುಂಬ್ಕೋ" ಎಂದು ಕಾಶಮ್ಮ ಎರಡನ್ನೂ ತುಂಬಿಕೊಟ್ಟರು. ಉಡಿ ತುಂಬುವುದು ಒಂದು ದಿನಕ್ಕೆ ಮುಗಿಯಲಿಲ್ಲ, ಪಕ್ಕದ ಓಣಿಗೂ ಹಬ್ಬಿತು. ವಾರ ಕಳೆಯುವುದರೊಳಗೆ ಹೈದರಾಬಾದಿನ ಅಂಗಡಿಯವನು ಹೇಳಿದಂತೆ ಸರಿಯಾಗಿ ಅರ್ಧ ಕೊಳ ಖಾಲಿಯಾಗಿತ್ತು, ಗಟಾರಿಗೆ ಒಂದು ಹನಿಯೂ ಹೋಗಿರಲಿಲ್ಲ.

ತುಂಬುವುದು ಹೇಗೆಂದು ನಾನು ಕೇಳಲಿಲ್ಲ, ಕೇಳಲು ಧೈರ್ಯವಿರಲಿಲ್ಲ. ಆದರೆ ಉಡಿ ತುಂಬಿದ ಮನೆಗೆ ಯಾರೂ ಬರಿಗೊಡ ತರುವುದಿಲ್ಲ. ಟ್ಯಾಂಕರ್ ಬಂದ ದಿನ ವೈಜಿನಾಥನ ಹೆಂಡತಿ ಮೊದಲು ಬಂದು ತನ್ನ ಪಾಲಿನದರಲ್ಲಿ ಒಂದು ಕೊಡ ತಿಳಿನೀರು ಕೊಳಕ್ಕೆ ಸುರಿದಳು. "ಶರಣಕ್ಕನ ಕಾಲಿಗಿ ಇರ್ಲಿ" ಎಂದಳು. ಆಮೇಲೆ ಟೀಚರು, ಆಮೇಲೆ ಉಳಿದವರು. ನಾನು ಒಳಗೆ ಹೋದೆ. ನನ್ನ ಮುಖ ಯಾರೂ ನೋಡುವುದು ಬೇಡವಾಗಿತ್ತು. ನೀರು ಮೊಣಕಾಲಿನಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರಿತು. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ನಾಲ್ಕು ಹನಿ ತಾನೂ ಸೇರಿಸಿತು. ಹಸಿರು ಹೋಗಿ ಟೈಲ್ಸ್ ಕಂಡವು. ಶರಣಮ್ಮ ಮಾತ್ರ ಇಳಿಯಲೊಲ್ಲಳು. ಪೂಜೆಯ ನೀರಿಗೆ ಕಾಲು ಹೇಗೆ ಸೋಕಿಸುವುದು? ಹೈದರಾಬಾದು ಮರೆತು ನಮ್ಮಲ್ಲೇ ಉಳಿದಿದ್ದ ಕಾಶಮ್ಮ ಸೀರೆ ಎತ್ತಿ ಕಟ್ಟಿ ತಾವೇ ಮೊದಲು ಇಳಿದರು. "ಗಂಗವ್ವ ತಾಯಿ ಅಂತಿದ್ದಿ. ತಾಯಿ ತೊಡಿ ಮ್ಯಾಲ ಮಗಳು ಕುಂದ್ರಲಾಕ ಯಾರನ್ನ ಕೇಳ್ಬೇಕವಾ? ಬಾ" ಎಂದು ತಂಗಿಯ ಕೈ ಹಿಡಿದು ಎಳೆದುಕೊಂಡರು. ಶರಣಮ್ಮ ನೀರಿಗೆ ಇಳಿದಳು. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಮದುವೆಯ ಮುನಿಸಿನ ಕತೆ ಶುರುವಾಯಿತು. ದಂಡೆಯ ಮೇಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಣಕಾಲು ಯಾರಿಗಿಲ್ಲ? ಮೂಲೆಯಿಂದ ಮನೆಯವರೆಗೆ ಕೊಡ ಹೊತ್ತು ಹೊತ್ತು ಓಣಿಯ ಎಲ್ಲರ ಕೀಲೂ ಸವೆದಿತ್ತು.

ಈಗ ಮಧ್ಯಾಹ್ನದ ಊಟವಾದಮೇಲೆ ಸಂಜೆಯ ದೀಪದವರೆಗೆ ನಮ್ಮ ಹಿತ್ತಲು ಹೆಂಗಸರದ್ದು. ಬರುವವರು ಒಂದು ಕೊಡ ತರುತ್ತಾರೆ, ಸರದಿಯಂತೆ ಇಳಿದು ಸುತ್ತುತ್ತಾರೆ, ನಗುತ್ತಾರೆ. ಆ ಹೊತ್ತಿನಲ್ಲಿ ನಾನು ಮುಂಬಾಗಿಲಿನ ಕಟ್ಟೆಯ ಮೇಲಿರಬೇಕು. ಬೆಳಗಿನ ಹೊತ್ತು ಗುಳಿಗೆ ಹಾಕುವುದು, ನೀರು ಪರೀಕ್ಷಿಸುವುದು ಮಾತ್ರ ನನ್ನ ಪಾಲಿಗೆ ಬಂದಿದೆ. ಶರಣಮ್ಮ ಗೋಡೆ ಬಿಟ್ಟು ಮೆಟ್ಟಿಲು ಹತ್ತುತ್ತಾಳೆ. ಅದಕ್ಕಿಂತ ಹೆಚ್ಚು ನಾನೇನೂ ಕೇಳಿರಲಿಲ್ಲ.

ಕೇಳುವ ಪ್ರಸಂಗ ಈಚೆಗೆ ಬಂದಿದೆ. ವರ್ಷಗಟ್ಟಲೆ ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕತೆ ಕೇಳಿ, ಶೀಶೆ ತುಂಬಿದ್ದರಿಂದಲೋ ಏನೋ, ನನ್ನ ಬಲ ಮೊಣಕಾಲು ಹಿಡಿದುಕೊಂಡಿದೆ. ಅದೇ ಡಾಕ್ಟರು ಅದೇ ಥರ ಫಿಲ್ಮು ಎತ್ತಿ ಹಿಡಿದು ನೋಡಿ, ದಿನಾ ಅರ್ಧ ತಾಸು ಎದೆಮಟ್ಟದ ನೀರಿನಲ್ಲಿ ನಡೆಯಿರಿ ಎಂದರು. ನಸುಕಿನಲ್ಲಿ ಯಾರೂ ಬರುವ ಮೊದಲು ಅರ್ಧ ತಾಸು ನನಗೆ ಸಿಕ್ಕೀತೇ ಎಂದು ಶರಣಮ್ಮನನ್ನು ಕೇಳಿದೆ. "ನಾ ಒಬ್ಬಾಕಿ ಹ್ಯಾಂಗ ಹೇಳ್ಲಿರಿ? ಎಲ್ಲಾರನ್ನೂ ಕೇಳಿ ಹೇಳ್ತೇನಿ" ಎಂದಳು. ಸಂಜೆ ಉತ್ತರ ಬಂತು. ಹೆಂಗಸರು ದೊಡ್ಡ ಮನಸ್ಸು ಮಾಡಿ ಒಪ್ಪಿದ್ದಾರೆ, ಒಂದೇ ಕರಾರು: ನಾನು ಇಳಿದು ಎದ್ದ ದಿನ ಕ್ಲೋರಿನ್ ಗುಳಿಗೆ ಡಬಲ್ ಹಾಕಬೇಕು.

ಕೂತು ಯೋಚಿಸಿದೆ. ಡಬಲ್ ಗುಳಿಗೆ ಅಂದರೆ ಡಬಲ್ ಸ್ಟೆಬಿಲೈಜರ್. ಅದು ಏರಿದರೆ ನೀರು ಹಸಿರು, ಹಸಿರಾದರೆ ಮತ್ತೆ ಅರ್ಧ ಕೊಳ ಖಾಲಿ, ಮತ್ತೆ ಇಡೀ ಓಣಿಯ ಕೊಡಗಳಿಗೆ ಕೆಲಸ. ನನ್ನೊಬ್ಬನ ಮೈಯ ಕೊಳೆಗಾಗಿ ಇಷ್ಟೆಲ್ಲ ಆಗುವುದು ಬೇಡವೆಂದು ತಿಳಿಸಿದೆ. "ಹಂಗಾದ್ರ ಬ್ಯಾಡ ಬಿಡ್ರಿ" ಎಂದು ಶರಣಮ್ಮ ಎಳ್ಳೆಣ್ಣೆಯ ಬಟ್ಟಲು ತಂದು ನನ್ನ ಪಕ್ಕದಲ್ಲಿಟ್ಟು, ಸೆರಗು ಬಿಗಿದುಕೊಂಡು ಹಿತ್ತಲಿಗೆ ಹೋದಳು, ಸರಸರ.